ಹರಕೆಯೂ ಔಷಧವೂ

(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಪಂಡಿತರೂ ಅಲ್ಲ, ವೈದ್ಯರೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವವರು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಇಂದು ನಂಬಿಕೆಯ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಮಗೆ ಮೊದಲು ನೆನಪಾದುದು ಒಂದು ಕ್ರೈಸ್ತ ಮನೆ. ಕಷ್ಟ ಬಂದಾಗ ದೇವರ ಮೇಲಿನ ನಂಬಿಕೆ ಮನುಷ್ಯನಿಂದ ಏನು ಕೆಲಸ ಮಾಡಿಸುತ್ತದೆ ಎಂಬುದನ್ನು ಆ ಮನೆಯಲ್ಲಿ ನಾವು ಹತ್ತಿರದಿಂದ ಕಂಡೆವು. ಮತ ಯಾವುದಾದರೇನು, ಆ ಪ್ರಶ್ನೆ ನಮ್ಮೆಲ್ಲರದು.

ಡೊಂಬಿವಲಿಯಲ್ಲಿರುವ ಈ ಕುಟುಂಬ ಉಡುಪಿ ಕಡೆಯದು. ಮನೆಮಾತು ಕೊಂಕಣಿ, ಓದುವುದು ಕನ್ನಡ. ಹೆಸರು ಹೇಳುವುದಿಲ್ಲ, ಹೇಳಬಾರದೆಂಬುದು ಅವರ ಇಚ್ಛೆ. ಯಜಮಾನರು ಠಾಣೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಒಬ್ಬಳೇ ಮಗಳು, ಆಗ ಐದು ವರ್ಷ. ಮಗುವಿಗೆ ಜ್ವರ ಬಿಡಲಿಲ್ಲ, ಮುಖ ಬಿಳಿಚಿತು. ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆಗಳು ಎದ್ದವು. ಕಾಲುನೋವೆಂದು ನಡೆಯಲೊಲ್ಲದು. ರಕ್ತಪರೀಕ್ಷೆಯ ಕಾಗದ ನೋಡಿದ ಡಾಕ್ಟರು ಅದೇ ದಿನ ಪರೇಲಿಗೆ ಹೋಗಿರೆಂದರು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ರೋಗದ ಹೆಸರು ತಿಳಿಯಿತು: ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬಗೆ ಇದೇ.

ಇಂಥ ಸುದ್ದಿ ಬಂದ ಮನೆಗೆ ಮೊದಲು ಬರುವವರು ನೆಂಟರು. ಅವರ ಜೊತೆಯಲ್ಲಿ ಬರುವುದು, ಯಾರ ಪಾಪದ ಫಲವಿದು ಎಂಬ ಮಾತು. ಹಿಂದೂಗಳಾದ ನಾವು ಪೂರ್ವಜನ್ಮದ ಕರ್ಮವೆನ್ನುತ್ತೇವೆ. ಕ್ರೈಸ್ತರ ಮನೆಯಲ್ಲಿ ದೇವರ ಶಿಕ್ಷೆಯೆನ್ನುವವರುಂಟು. ಹೆಸರು ಎರಡಾದರೂ ಗಾಯ ಒಂದೇ. ಆ ತಾಯಿ ಇಗರ್ಜಿಗೆ ಹೋಗಿ ಪಾದ್ರಿಗಳನ್ನೇ ಕೇಳಿದರು. ಪಾದ್ರಿಗಳು ಉಪದೇಶ ಮಾಡಲಿಲ್ಲ. ಯೋವಾನ್ನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ತೆಗೆದು ಓದಲು ಕೊಟ್ಟರು. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಅಲ್ಲಿ ಯೇಸುವನ್ನು ಇದೇ ಪ್ರಶ್ನೆ ಕೇಳುತ್ತಾರೆ. ಪಾಪ ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಯೇಸು ಅವರ ಬಾಯಿ ಮುಚ್ಚಿಸುತ್ತಾನೆ. ಆ ದಿನದಿಂದ ಆ ಮನೆಯಲ್ಲಿ ‘ಏಕೆ’ ಎಂಬ ಪ್ರಶ್ನೆ ನಿಂತು ‘ಇನ್ನು ಮುಂದೇನು’ ಎಂಬ ಪ್ರಶ್ನೆ ಹುಟ್ಟಿತು.

ಮುಂದೇನು ಎಂಬುದು ಸಣ್ಣ ಪ್ರಶ್ನೆಯಲ್ಲ. ಈ ರೋಗದ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಒಂದು ತಿಂಗಳು ಬಲವಾದ ಔಷಧಗಳು. ಬೆನ್ನುಹುರಿಯ ನೀರಿಗೂ ಸೂಜಿ ಚುಚ್ಚಿ ಮದ್ದು ಕೊಡುತ್ತಾರೆ. ಆಮೇಲೆ ಕೆಲವು ತಿಂಗಳು ಮತ್ತಷ್ಟು ಮದ್ದು. ಕೊನೆಗೆ ದಿನವೂ ಮನೆಯಲ್ಲೇ ನುಂಗುವ ಮಾತ್ರೆ. ಅದು ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತದೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಕೆಲವು ದಿನ ಪರೇಲಿಗೆ, ಕೆಲವು ದಿನ ನವಿ ಮುಂಬಯಿಯ ಖಾರ್ಘರಿನಲ್ಲಿರುವ ಟಾಟಾ ಕೇಂದ್ರಕ್ಕೆ ಹೋಗಬೇಕು. ಡೊಂಬಿವಲಿಯಿಂದ ಠಾಣೆಗೆ, ಠಾಣೆಯಲ್ಲಿ ಪನ್ವೇಲ್ ಗಾಡಿಗೆ, ಬಾಯಿಗೆ ಬಟ್ಟೆ ಕಟ್ಟಿದ ಮಗುವನ್ನು ಎತ್ತಿಕೊಂಡು. ಲೋಕಲ್ ಗಾಡಿಯಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗವುಂಟೆಂದು ಆ ತಂದೆಗೆ ತಿಳಿದುದು ಹಲವು ದಿನಗಳ ಮೇಲೆ. ಇದನ್ನು ನಿಮ್ಮಲ್ಲಿ ಎಷ್ಟು ಮಂದಿ ಬಲ್ಲಿರಿ?

ಒಂದು ತಿಂಗಳಾಯಿತು. ಪರೀಕ್ಷೆ ಮಾಡಿದ ವೈದ್ಯರು, ರೋಗ ಈಗ ಕಾಣುತ್ತಿಲ್ಲ ಎಂದರು. ಮಗು ನಕ್ಕಿತು, ಗಂಜಿ ಉಂಡಿತು. ಬಂಧುಗಳೇ, ನಿಜವಾದ ಪರೀಕ್ಷೆ ಆರಂಭವಾದುದು ಇಲ್ಲಿ. ಊರಿನಿಂದ ಬಂದಿದ್ದ ಅಜ್ಜಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರಿಗೆ ಹರಕೆ ಹೊತ್ತಿದ್ದರು. “ಸಂತರು ಕೈಬಿಡಲಿಲ್ಲ. ಇನ್ನು ಮಗುವನ್ನು ಸೂಜಿಯಿಂದ ಹಿಂಸಿಸಬೇಡಿ, ಊರಿಗೆ ಕರೆದುಕೊಂಡು ಹೋಗೋಣ. ಮದ್ದು ಮುಂದುವರಿಸಿದರೆ ದೇವರ ಮೇಲೆ ಅನುಮಾನಪಟ್ಟಂತೆ” ಎಂದು ಹಟ ಹಿಡಿದರು. ಅಜ್ಜಿಯದು ಕೆಟ್ಟ ಮನಸ್ಸಲ್ಲ. ಮೊಮ್ಮಗಳ ಅಳುವನ್ನು ಅವರಿಂದ ನೋಡಲಾಗಲಿಲ್ಲ. ತಂದೆಗೂ ಸಂಬಳ ಕಡಿತವಾಗಿತ್ತು, ಸಾಲ ಏರಿತ್ತು. ಮನಸ್ಸು ಅತ್ತ ವಾಲಿತು.

ಆಗ ತಾಯಿ ಆಡಿದ ಮಾತು ಇದು: “ಅಮ್ಮಾ, ಹರಕೆ ದೇವರಿಗೆ ಸಲ್ಲಬೇಕಾದ್ದು, ಸಲ್ಲಿಸೋಣ. ಮಾತ್ರೆ ಮಗುವಿಗೆ ಸಲ್ಲಬೇಕಾದ್ದು, ಅದನ್ನೂ ಸಲ್ಲಿಸೋಣ. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವುದು ಬೇಡ.” ಅವರ ಕೈಯಲ್ಲಿದ್ದ ಬೈಬಲಿನಲ್ಲಿ ಸಿರಾಖನ ಜ್ಞಾನಗ್ರಂಥವೂ ಸೇರಿದೆ. ಅದರ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸಬೇಕೆಂದೂ, ಮಣ್ಣಿನಿಂದ ಮದ್ದನ್ನು ಹುಟ್ಟಿಸಿದವನು ದೇವರೇ ಎಂದೂ, ರೋಗಿ ಪ್ರಾರ್ಥನೆಯನ್ನೂ ಮಾಡಬೇಕು ವೈದ್ಯನಿಗೂ ಎಡೆ ಕೊಡಬೇಕು ಎಂದೂ ಹೇಳುತ್ತದೆ. ಸುವಾರ್ತೆ ಬರೆದ ಲೂಕನನ್ನೇ ಕ್ರೈಸ್ತ ಪರಂಪರೆ ವೈದ್ಯನೆಂದು ಕರೆಯುತ್ತದೆ. ಅಜ್ಜಿ ಆ ಅಧ್ಯಾಯವನ್ನು ಎರಡು ಸಲ ಓದಿಸಿ ಕೇಳಿದರು; ಊರಿನ ಟಿಕೇಟು ರದ್ದಾಯಿತು.

ಈ ಒಂದು ತೀರ್ಮಾನದಲ್ಲಿ ಎಷ್ಟು ತೂಕವಿತ್ತೆಂಬುದನ್ನು ನಾವು ಆಮೇಲೆ ಓದಿ ತಿಳಿದುಕೊಂಡೆವು. ರೋಗ ಕಾಣುತ್ತಿಲ್ಲವೆಂದರೆ ಹೋಯಿತೆಂದು ಅರ್ಥವಲ್ಲ. ಎಲುಬಿನ ಮಜ್ಜೆಯಲ್ಲಿ ಕಣ್ಣಿಗೆ ಬೀಳದ ಕಣಗಳು ಅಡಗಿರುತ್ತವೆ. ಮದ್ದು ನಿಂತರೆ ಮತ್ತೆ ಬೆಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ 30ಕ್ಕಿಂತ ಕಡಮೆ. ಇದಕ್ಕೆ ಆ ಸಂಸ್ಥೆ ಎಣಿಸುವ ಕಾರಣಗಳಲ್ಲಿ, ರೋಗವನ್ನು ತಡವಾಗಿ ಗುರುತಿಸುವುದು ಒಂದಾದರೆ ಚಿಕಿತ್ಸೆಯನ್ನು ನಡುವೆ ಬಿಟ್ಟುಬಿಡುವುದು ಇನ್ನೊಂದು. ಬಿಡುವವರು ನಿರ್ದಯರಲ್ಲ. ಖರ್ಚು, ದೂರ, ದಣಿವು, ಮಗು ಚೆನ್ನಾಗಿದೆಯೆಂಬ ಸಮಾಧಾನ, ಕೆಲವೊಮ್ಮೆ ದೇವರ ಹೆಸರು, ಇವೆಲ್ಲ ಸೇರಿ ಬಿಡಿಸುತ್ತವೆ. ಆದುದರಿಂದಲೇ ಹೇಳುತ್ತೇವೆ, ಆ ಮನೆಯಲ್ಲಿ ನಂಬಿಕೆ ಮಾಡಿದ ದೊಡ್ಡ ಕೆಲಸವೆಂದರೆ ಮುಂದಿನ ತಾರೀಖಿಗೆ ಮತ್ತೆ ಗಾಡಿ ಹತ್ತಿಸಿದುದು.

ಆ ಮದ್ದಾದರೂ ಎಲ್ಲಿಂದ ಬಂತು? 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಎಂಬ ಯೆಹೂದ್ಯರು 16 ಮಕ್ಕಳಿಗೆ ಒಂದು ಹೊಸ ಔಷಧ ಕೊಟ್ಟ ವಿವರವನ್ನು ಪ್ರಕಟಿಸಿದರು. ಅವರಲ್ಲಿ 10 ಮಕ್ಕಳು ಕೆಲಕಾಲ ಚೇತರಿಸಿಕೊಂಡರು. ಕೆಲಕಾಲ ಮಾತ್ರ, ಆದರೂ ಅದಕ್ಕೆ ಮೊದಲು ಆ ಕೆಲಕಾಲವೂ ಇರಲಿಲ್ಲ. ಆ ಔಷಧವನ್ನು ಒದಗಿಸಿದ ಪ್ರಯೋಗಶಾಲೆಯ ಸಂಶೋಧನೆಯನ್ನು ನಡೆಸುತ್ತಿದ್ದವರು ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಎಂಬ ಮದ್ದನ್ನು ಇಂದಿಗೂ ಮಕ್ಕಳಿಗೆ ಕೊಡುತ್ತಾರೆ. ವಿನ್ಕ್ರಿಸ್ಟಿನ್ ಎಂಬ ಇನ್ನೊಂದು ಮದ್ದು ನಮ್ಮ ಚಾಳಿನ ಡಬ್ಬಿಗಳಲ್ಲಿ ಬೆಳೆಯುವ ಕಾಶಿ ಕಣಗಿಲೆ ಗಿಡದ್ದು. ನೆರೆಯ ಮರಾಠಿಯವರು ಅದನ್ನು ಸದಾಫುಲಿ ಎನ್ನುತ್ತಾರೆ.

ಆಸ್ಪತ್ರೆಯಾದರೋ ಪಾರಸಿಗಳ ದಾನ. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಮರುವರ್ಷ ದೊರಾಬ್ಜಿಯವರೂ ಹೋದರು. ಅವರ ಧರ್ಮನಿಧಿ 1941ರ ಫೆಬ್ರವರಿ 28ರಂದು ಪರೇಲಿನ ಆಸ್ಪತ್ರೆಯನ್ನು ತೆರೆಯಿತು; 1962ರಿಂದ ಅದು ಭಾರತ ಸರ್ಕಾರದ ಅಣುಶಕ್ತಿ ಇಲಾಖೆಯ ಕೆಳಗಿದೆ. ಆಸ್ಪತ್ರೆಯಿರುವ ರಸ್ತೆಗೆ ಅಲ್ಲಿ ದುಡಿದ ಗೋವೆಯ ಕ್ರೈಸ್ತ ಶಸ್ತ್ರವೈದ್ಯ ಡಾ. ಅರ್ನೆಸ್ಟ್ ಬೋರ್ಜಿಸರ ಹೆಸರಿದೆ. ದೂರದೂರಿನಿಂದ ಬಂದ ರೋಗಿಗಳು ತಂಗುವ ದಾದರಿನ ಧರ್ಮಶಾಲೆ ಸಂತ ಗಾಡಗೆ ಮಹಾರಾಜರ ಹೆಸರಿನದು. ಮಕ್ಕಳ ಚಿಕಿತ್ಸೆಗೆ ಬಂದ ಬಡ ಕುಟುಂಬಗಳಿಗೆ ಬಾಡಿಗೆಯಿಲ್ಲದೆ ಇರಲು ಎಡೆ ಕೊಡುವ ಕೇಂದ್ರಗಳನ್ನು 2006ರಿಂದ ನಡೆಸುತ್ತಿರುವ ಸಂಸ್ಥೆಗೆ, ದಾರಿ ಕಾಣದವರು ಮೊರೆಹೋಗುವ ಸಂತ ಜೂಡನ ಹೆಸರು. ಖಾರ್ಘರಿನಲ್ಲಿಯೂ ಅದರ ಕೇಂದ್ರವಿದೆ. ಹೀಗೆ ಒಂದು ಕ್ರೈಸ್ತ ಮಗುವಿನ ತಲೆಯ ಮೇಲೆ ಯೆಹೂದ್ಯ, ಹಿಂದೂ, ಪಾರಸಿ, ಕ್ರೈಸ್ತ ಎಲ್ಲರ ಕೈಯೂ ಇತ್ತು. ಆ ತಾಯಿ ಇದನ್ನು ಕೇಳಿ, “ದೇವರು ಯಾರ ಕೈಯಲ್ಲಿ ಕೊಟ್ಟು ಕಳಿಸಿದನೋ ಅವರನ್ನೆಲ್ಲ ಜಪದಲ್ಲಿ ನೆನೆಯಬೇಕು” ಎಂದರು.

ಇನ್ನು ಕಷ್ಟದ ಮಾತೊಂದಿದೆ. ಅದನ್ನು ಹೇಳದೆ ಮುಗಿಸಿದರೆ ಅರ್ಧ ಸತ್ಯವಾದೀತು. ಇವರ ಮಗಳ ಪಕ್ಕದ ಹಾಸಿಗೆಯಲ್ಲಿ ಕಲಬುರಗಿ ಕಡೆಯ ಒಬ್ಬ ಹುಡುಗನಿದ್ದ. ಕನ್ನಡದ ನಂಟಿನಿಂದ ಎರಡು ಮನೆಯವರೂ ಒಂದಾದರು. ಅವನ ತಾಯಿ ಶರಣಬಸವೇಶ್ವರರಿಗೆ ಹರಕೆ ಹೊತ್ತಿದ್ದಳು. ಈಕೆ ಬುಧವಾರ ಮಾಹೀಮಿನ ಇಗರ್ಜಿಯಲ್ಲಿ ನೊವೆನಾ ಮುಗಿಸಿ ಬರುವಾಗ ಆ ಹುಡುಗನ ಹೆಸರಿನಲ್ಲೂ ಒಂದು ಮೇಣದ ಬತ್ತಿ ಹಚ್ಚಿ ಬರುತ್ತಿದ್ದಳು. ಆ ಮನೆಯವರೂ ಒಂದು ದಿನವೂ ಮದ್ದು ತಪ್ಪಿಸಿದವರಲ್ಲ. ಹುಡುಗ ಉಳಿಯಲಿಲ್ಲ.

ಅಂದಿನಿಂದ ಕೆಲವು ದಿನ ಡೊಂಬಿವಲಿಯ ಆ ಮನೆಯಲ್ಲಿ ಸಂಜೆಯ ಜಪಸರ ನಿಂತಿತು. ತಂದೆ ನಮ್ಮೊಡನೆ ಹೇಳಿದರು: “ನಮ್ಮ ಮಗು ಚೇತರಿಸಿಕೊಂಡಿತೆಂದು ದೇವರಿಗೆ ವಂದನೆ ಹೇಳಲು ಹೋದರೆ ನಾಲಿಗೆ ಏಳುವುದಿಲ್ಲ. ಆ ಮಗು ಹೋದುದನ್ನು ಯಾರ ಲೆಕ್ಕಕ್ಕೆ ಬರೆಯಲಿ?” ನಮ್ಮಲ್ಲಿ ಉತ್ತರವಿರಲಿಲ್ಲ. ಪಾದ್ರಿಗಳೂ ಉತ್ತರವಿದೆಯೆಂದು ನಟಿಸಲಿಲ್ಲ. ಗೆತ್ಸೆಮನೆ ತೋಪಿನಲ್ಲಿ ಯೇಸುವೂ ಬಂದ ಕಷ್ಟ ತಪ್ಪಲೆಂದೇ ಬೇಡಿಕೊಂಡನು, ಆದರೆ ಅದು ತಪ್ಪಲಿಲ್ಲ ಎಂದಷ್ಟೇ ಹೇಳಿದರು. ಒಂದು ಸಂಜೆ ತಾಯಿ ಮತ್ತೆ ಜಪಸರ ಕೈಗೆತ್ತಿಕೊಂಡರು. ಮೊದಲು ಬೇಡುತ್ತಿದ್ದುದು ತಮ್ಮ ಮಗುವಿಗಾಗಿ. ಈಗ ಆ ವಾರ್ಡಿನ ಮಕ್ಕಳಿಗೆಲ್ಲ, ಮೊದಲ ಹೆಸರು ಕಲಬುರಗಿಯ ಹುಡುಗನ ತಾಯಿಯದು. ಮಗು ಸತ್ತ ಮನೆಯಲ್ಲಿ ನಂಬಿಕೆ ಸಾಲದೆ ಹೋಯಿತೆಂದು ಯಾರಾದರೂ ಆಡಿದರೆ ಆ ಮನೆಯಲ್ಲಿ ಈಗ ಬಾಗಿಲು ತೋರಿಸುತ್ತಾರೆ. ನಾವೂ ತೋರಿಸಬೇಕು.

ಹುಡುಗಿ ಈಗ ಮಾತ್ರೆಯ ಎರಡನೆಯ ವರ್ಷದಲ್ಲಿದ್ದಾಳೆ. ಕೂದಲು ಬಂದಿದೆ, ಶಾಲೆಗೆ ಹೋಗುತ್ತಾಳೆ. ಪೂರ್ತಿ ಗುಣವಾಯಿತೆಂದು ವೈದ್ಯರೇ ಇನ್ನೂ ಹೇಳಿಲ್ಲ, ನಾವೂ ಹೇಳುವುದಿಲ್ಲ. ಅತ್ತೂರಿನ ಹರಕೆ ಬಾಕಿಯಿದೆ. ಚಿಕಿತ್ಸೆ ಮುಗಿದ ಮೇಲೆ ಸಲ್ಲಿಸುವುದೆಂದು ಅಜ್ಜಿಯೇ ನಿಶ್ಚಯಿಸಿದ್ದಾರೆ.

ಬಂಧುಗಳೇ, ಅಂಥ ಮನೆಗಳಿಗೆ ನಮ್ಮಿಂದ ಆಗಬೇಕಾದ ಕೆಲಸ ದೊಡ್ಡದಲ್ಲ. ಪರೇಲಿಗೂ ಖಾರ್ಘರಿಗೂ ಕರ್ನಾಟಕದಿಂದ ಬರುವ ಎಷ್ಟೋ ಮಂದಿಗೆ ಮರಾಠಿ, ಹಿಂದಿ ಬಾರದು. ಅವರ ಕಾಗದಗಳನ್ನು ಓದಿ ಹೇಳಲು, ಅರ್ಜಿ ತುಂಬಿಕೊಡಲು ಕನ್ನಡ ಬಲ್ಲ ಒಬ್ಬರು ಬೇಕು. ಈ ಮಕ್ಕಳಿಗೆ ಪದೇ ಪದೇ ರಕ್ತ ಬೇಕಾಗುತ್ತದೆ, ರಕ್ತದ ಪ್ಲೇಟ್ಲೆಟ್ ಎಂಬ ಕಣಗಳೂ ಬೇಕಾಗುತ್ತವೆ; ಕೊಡಬಲ್ಲ ತರುಣರು ನಮ್ಮಲ್ಲಿದ್ದಾರೆ. ತಂದೆ ಕೆಲಸಕ್ಕೆ ಹೋಗಲೇಬೇಕಾದ ದಿನ ತಾಯಿಯ ಜೊತೆ ಗಾಡಿ ಹತ್ತಲು ಒಂದು ಜೊತೆ ಕೈ ಬೇಕು. ಬಿಡದ ಜ್ವರ, ಬಿಳಿಚಿದ ಮುಖ, ಕಾರಣವಿಲ್ಲದ ನೀಲಿ ಕಲೆ ಯಾವ ಮಗುವಿನಲ್ಲಿ ಕಂಡರೂ ರಕ್ತಪರೀಕ್ಷೆ ಮಾಡಿಸಿರೆಂದು ನೆರೆಮನೆಗೆ ಹೇಳುವ ಬಾಯಿಯೂ ಬೇಕು. ಬರಲು ಒಪ್ಪುವವರು ತಮ್ಮ ಹೆಸರನ್ನೂ ಬಿಡುವಿನ ದಿನವನ್ನೂ ವಾಚನಾಲಯದ ಮೇಜಿನ ಮೇಲಿಟ್ಟಿರುವ ಪುಸ್ತಕದಲ್ಲಿ ಬರೆಯಬೇಕಾಗಿ ಕೇಳಿಕೊಳ್ಳುತ್ತೇವೆ.