ಗದ್ದೆಯೂ ಗೆಜ್ಜೆಯೂ: ಹೊಸ ನೃತ್ಯದಿಂದ ಪರಿಸರ ಚಳವಳಿ ಕೇಳಬೇಕಾದುದೇನು?

(ಮಲೆನಾಡಿನ ಪರಿಸರ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರ ಸಂಘಟನೆಗಳ ಸಭೆಗಳಲ್ಲಿ ಖರ್ಚುವೆಚ್ಚದ ಮಾತು ಬಂದಾಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಸಸಿ ಬೆಳೆಸುವುದಕ್ಕೆ, ನ್ಯಾಯಾಲಯದ ಅಲೆದಾಟಕ್ಕೆ, ಹಳ್ಳಿ ಸುತ್ತುವುದಕ್ಕೇ ಹಣ ಸಾಲದಿರುವಾಗ ಕುಣಿತಕ್ಕೆ ಏಕೆ ಖರ್ಚು ಮಾಡಬೇಕು? ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ಮಾತ್ರ ಅಷ್ಟು ಸರಿಯಾದುದಲ್ಲ. ‘ಜನಜಾಗೃತಿಗೆ ಕಲೆ ಒಳ್ಳೆಯ ಮಾಧ್ಯಮ’ ಎಂಬುದೇ ಆ ಉತ್ತರ. ಕಲೆಯನ್ನು ಮಾಧ್ಯಮವೆಂದು ಕರೆದ ಕ್ಷಣದಲ್ಲೇ ಅದನ್ನು ಧ್ವನಿವರ್ಧಕದ ಸಾಲಿಗೆ ಸೇರಿಸಿದಂತಾಗುತ್ತದೆ.

ಈ ನಂಬಿಕೆಗೆ ಒಂದು ಚರಿತ್ರೆಯಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಾಸೆಯ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಮುಂದೆ ಆ ಅಪ್ಪಿಕೋ ಚಳವಳಿ ಊರಿಂದೂರಿಗೆ ಹರಡಿದಾಗ ಪಾದಯಾತ್ರೆ, ಸ್ಲೈಡ್ ಪ್ರದರ್ಶನಗಳ ಜೊತೆಯಲ್ಲಿ ಜಾನಪದ ಕುಣಿತ, ಬೀದಿನಾಟಕಗಳೂ ಬಳಕೆಯಾದವು. ಆ ಹೊತ್ತಿಗೆ ಅದು ತಕ್ಕದ್ದೇ ಆಗಿತ್ತು. ಗರಗಸ ಮರದ ಬುಡಕ್ಕೆ ಬಂದಿದ್ದಾಗ ಸುದ್ದಿಯನ್ನು ಬೇಗನೆ ಮುಟ್ಟಿಸಬೇಕಾಗಿತ್ತು. ಆದರೆ ಅಂದಿನ ತುರ್ತು ಇಂದು ಅಭ್ಯಾಸವಾಗಿ ಉಳಿದಿದೆ. ಒಬ್ಬರು ಮರವಾಗುತ್ತಾರೆ, ಒಬ್ಬರು ಕೊಡಲಿ ಹಿಡಿದ ರಾಕ್ಷಸರಾಗುತ್ತಾರೆ, ಕೊನೆಗೆ ಭೂಮಾತೆ ಬಂದು ಎರಡು ಮಾತಿನ ಉಪದೇಶ ಕೊಡುತ್ತಾಳೆ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ತಮಗೆ ಮೊದಲೇ ಗೊತ್ತಿದ್ದುದನ್ನು ಇನ್ನೊಮ್ಮೆ ಕೇಳಿ ಮನೆಗೆ ಹೋಗುತ್ತಾರೆ. ಇದರಿಂದ ಕಾಡಿಗೂ ಲಾಭವಿಲ್ಲ, ಕುಣಿತಕ್ಕೂ ಲಾಭವಿಲ್ಲ.

ಹಾಗಾದರೆ ಬೇರೆ ದಾರಿ ಇದೆಯೇ? ದೂರದ ಒಂದು ಉದಾಹರಣೆಯನ್ನೂ ಹತ್ತಿರದ ಒಂದನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಬಹುದು.

ತೈವಾನಿನ ಪೂರ್ವಭಾಗದಲ್ಲಿ ಎರಡು ಪರ್ವತಸಾಲುಗಳ ನಡುವಣ ಕಣಿವೆಯಲ್ಲಿ ಚಿಶಾಂಗ್ ಎಂಬ ಭತ್ತದ ಊರಿದೆ. ಜಪಾನೀಯರ ಆಳ್ವಿಕೆಯ ಕಾಲದಲ್ಲಿ ಅಲ್ಲಿಯ ಅಕ್ಕಿ ಚಕ್ರವರ್ತಿಯ ಊಟಕ್ಕೆ ಹೋಗುತ್ತಿತ್ತೆಂಬ ಹೆಸರಿತ್ತು. ರಾಸಾಯನಿಕ ಗೊಬ್ಬರದ ಬಳಕೆಯಿಂದ ಆ ಹೆಸರು ಕೆಟ್ಟಿತು. ಸಾವಯವ ಕೃಷಿಗೆ ಹೊರಳಿದ ರೈತರು ಅದನ್ನು ಮರಳಿ ಗಳಿಸಿದರು. ಅಲ್ಲಿಯ ಒಂದು ಬಯಲಿನಲ್ಲಿ ಸುಮಾರು 175 ಹೆಕ್ಟೇರ್ ಗದ್ದೆ ವಿದ್ಯುತ್ ಕಂಬಗಳಿಲ್ಲದೆ ಉಳಿದಿದೆ. ಕಂಬಗಳು ಬೇಡವೆಂದು ರೈತರೇ ಪಟ್ಟುಹಿಡಿದುದರ ಫಲ ಅದು.

1973ರಲ್ಲಿ ‘ಕ್ಲೌಡ್ ಗೇಟ್’ ಎಂಬ ಆಧುನಿಕ ನೃತ್ಯತಂಡವನ್ನು ಕಟ್ಟಿದ ಲಿನ್ ಹ್ವೈ-ಮಿನ್, ತಂಡಕ್ಕೆ 40 ವರ್ಷ ತುಂಬಿದ 2013ರಲ್ಲಿ ‘ಅಕ್ಕಿ’ ಎಂಬ ಹೊಸ ಕೃತಿಯನ್ನು ಸಂಯೋಜಿಸಿದರು. ಅದಕ್ಕಾಗಿ ನರ್ತಕರು ಚಿಶಾಂಗಿಗೆ ಹೋಗಿ ರೈತರೊಡನೆ ಗದ್ದೆಗಿಳಿದು ಕೊಯಿಲು ಮಾಡಿದರು. ಛಾಯಾಗ್ರಾಹಕರು ನೀರು ತುಂಬಿದ ಗದ್ದೆಯಿಂದ ಹಿಡಿದು ಕೊಯಿಲಿನ ನಂತರದ ಬೆಂಕಿಯವರೆಗೆ ಬೆಳೆಯ ಇಡೀ ಚಕ್ರವನ್ನು ಸೆರೆಹಿಡಿದರು. ಮಣ್ಣು, ಗಾಳಿ, ಪರಾಗ, ಬಿಸಿಲು, ಕಾಳು, ಬೆಂಕಿ, ನೀರು ಎಂಬುವೇ ಆ ಕೃತಿಯ ಭಾಗಗಳು. ಅದರಲ್ಲಿ ಹಕ್ಕಾ ಜನರ ಹಳೆಯ ಹಾಡುಗಳೂ ಇವೆ, ಯುರೋಪಿನ ಗೀತನಾಟಕದ ಸಂಗೀತವೂ ಇದೆ. ಅದೇ ವರ್ಷ ಕೊಯಿಲಿನ ಕಾಲದಲ್ಲಿ ತಂಡವು ಚಿಶಾಂಗಿನ ಗದ್ದೆಯ ನಡುವೆಯೇ ಅದನ್ನು ಪ್ರದರ್ಶಿಸಿತು.

ಗಮನಿಸಬೇಕಾದುದೆಂದರೆ, ‘ಗೊಬ್ಬರ ಹಾಕಬೇಡಿ’ ಎಂಬ ಉಪದೇಶ ಆ ಕೃತಿಯಲ್ಲಿಲ್ಲ. ಬದಲಾಗಿ ‘ಪರಾಗ’ ಎಂಬ ಭಾಗವಿದೆ. ಅದು ಗಂಡುಹೆಣ್ಣುಗಳ ಯುಗಳನೃತ್ಯ. ಭತ್ತದ ಹೂ ಸಾಮಾನ್ಯವಾಗಿ ಬೆಳಗಿನ ಹೊತ್ತು ಒಂದೆರಡು ಗಂಟೆ ಮಾತ್ರ ಅರಳಿ ಮುಚ್ಚಿಕೊಳ್ಳುತ್ತದೆ. ಗದ್ದೆಯ ಅಂಚಿನಲ್ಲೇ ಬಾಳಿದವರಲ್ಲಿಯೂ ಅನೇಕರು ಅದನ್ನು ನಿಂತು ನೋಡಿರುವುದಿಲ್ಲ. ಕಣ್ಣಿಗೆ ಬೀಳದೆ ಹೋಗುವ ಆ ಘಳಿಗೆಯನ್ನು ಮನುಷ್ಯದೇಹದ ಮೂಲಕ ಕಾಣಿಸುವುದು ಭಾಷಣದಿಂದ ಆಗುವ ಕೆಲಸವಲ್ಲ. ನೃತ್ಯ ಮಾಡಬಲ್ಲ ಕೆಲಸ ಅದು: ನೋಡುವಂತೆ ಮಾಡುವುದು. ನೋಡಲು ಕಲಿಯದವರು ಉಳಿಸಲು ಕಲಿಯುವುದಿಲ್ಲ.

ಇನ್ನೊಂದು ಅಂಶವೂ ಇದೆ. ಗದ್ದೆಯನ್ನು ರೈತರು ಉಳಿಸಿಕೊಂಡಿದ್ದರಿಂದ ಆ ನೃತ್ಯಕ್ಕೆ ನೆಲ ಸಿಕ್ಕಿತು. ಅಲ್ಲಿ ಕಲೆ ಭೂಮಿಯನ್ನು ಉಳಿಸಲಿಲ್ಲ. ಉಳಿದ ಭೂಮಿ ಕಲೆಯನ್ನು ಹುಟ್ಟಿಸಿತು. ಈ ಅನುಕ್ರಮವನ್ನು ಮರೆಯಬಾರದು.

ಈಗ ಹತ್ತಿರದ ಉದಾಹರಣೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಹೊಸ ನೃತ್ಯಸಂಯೋಜನೆಯ ಮಾತೆತ್ತಿದರೆ ಮೊದಲಿಗೆ ನೆನಪಾಗಬೇಕಾದವರು ಕೋಟ ಶಿವರಾಮ ಕಾರಂತರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸಂಶೋಧನೆಯಲ್ಲಿ ನಿಲ್ಲದೆ ಅವರು ಮಾತನ್ನು ತಗ್ಗಿಸಿ, ಹಾಡು ಮತ್ತು ಕುಣಿತಗಳಿಂದಲೇ ಕಥೆಯನ್ನು ನಡೆಸುವ ಯಕ್ಷಗಾನ ಬ್ಯಾಲೆಯನ್ನು ರೂಪಿಸಿದರು. ಪಿಟೀಲು, ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ತಂದರು. 1970ರ ದಶಕದ ಆರಂಭದಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾಗುವುದರಲ್ಲಿಯೂ ಅವರ ಪಾತ್ರವಿತ್ತು. ಅರ್ಥಗಾರಿಕೆಯನ್ನು ಕಳೆದರೆ ಯಕ್ಷಗಾನದಲ್ಲಿ ಉಳಿಯುವುದೇನು ಎಂದು ಸಂಪ್ರದಾಯದವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿತ್ತು. ಕಾರಂತರ ಪ್ರಯೋಗದಲ್ಲಿಯೂ ಹುರುಳಿತ್ತು.

ಅದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. 1989ರಲ್ಲಿ, 87ನೆಯ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಗಮನಾರ್ಹವಾದುದೆಂದರೆ, ಕೈಗಾದ ವಿರುದ್ಧ ಹೋರಾಡಿದ ಈ ಮನುಷ್ಯನ ಹೆಸರು ಯಕ್ಷಗಾನದಲ್ಲಿ ನಿಂತಿರುವುದು ಘೋಷಣೆಯ ಪ್ರಸಂಗಗಳಿಂದಲ್ಲ. ಹೋರಾಟವನ್ನು ಲೇಖನದಲ್ಲಿ, ನ್ಯಾಯಾಲಯದಲ್ಲಿ, ಚುನಾವಣೆಯ ಕಣದಲ್ಲಿ ಮಾಡಿದರು; ರಂಗದಲ್ಲಿ ಹೆಜ್ಜೆ, ಬಣ್ಣ, ರಾಗಗಳ ಶೋಧನೆ ನಡೆಸಿದರು. ಎರಡೂ ಕೆಲಸಗಳ ಹಿಂದಿದ್ದ ಮನಸ್ಸು ಒಂದೇ.

ಯಕ್ಷಗಾನದ ವೇಷವನ್ನು ಬಿಚ್ಚಿ ನೋಡಿದರೆ ಆ ಕಲೆಯ ಬೇರುಗಳು ಎಲ್ಲಿವೆ ಎಂಬುದು ತಿಳಿಯುತ್ತದೆ. ಚೆಂಡೆ, ಮದ್ದಳೆಗಳ ಕಳಸಿಗೆ ಹಲಸಿನ ಮರ. ಭುಜಕೀರ್ತಿ, ಎದೆಕಟ್ಟುಗಳಿಗೆ ಹಗುರ ಜಾತಿಯ ಮರ. ಬಡಗಿನ ಮುಂಡಾಸಿನ ಒಳಗೆ ಒಣಹುಲ್ಲಿನ ಅಟ್ಟೆ. ಕೇದಗೆಮುಂದಲೆಗೆ ಹೆಸರು ಕೊಟ್ಟದ್ದು ಕೇದಗೆಯ ಹೂ. ಮದ್ದಳೆಯ ಕರಣೆಗೆ ಅನ್ನ. ಆಡುವ ಜಾಗ, ಕೊಯಿಲು ಮುಗಿದ ಗದ್ದೆ. ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಹೊರಟು ಮಳೆಗಾಲದ ಮುನ್ನ ಗೆಜ್ಜೆ ಬಿಚ್ಚುವ ಕ್ರಮವೂ ಬೆಳೆಯ ಪಂಚಾಂಗಕ್ಕೆ ಹೊಂದಿಕೊಂಡದ್ದೇ. ಹಾಗೆಂದು ಹಳೆಯದೆಲ್ಲ ನಿರಪಾಯಕಾರಿಯೆಂದು ಭಾವಿಸಬೇಕಾಗಿಲ್ಲ. ಹಿಂದೆ ಮುಖಕ್ಕೆ ಬಳಿಯುತ್ತಿದ್ದ ಅರದಾಳ ಆರ್ಸೆನಿಕ್ಕಿನ ಸಂಯುಕ್ತ, ಇಂಗಲಿಕ ಪಾದರಸದ ಸಂಯುಕ್ತ. ಅವುಗಳನ್ನು ಬಿಟ್ಟಿದ್ದರಿಂದ ಕಲೆಗೆ ನಷ್ಟವಾಗಲಿಲ್ಲ, ಕಲಾವಿದನ ಚರ್ಮ ಉಳಿಯಿತು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬ ವಿವೇಕ ಕಲೆಯೊಳಗೆ ಎಂದಿನಿಂದಲೂ ಇದೆ.

ಇಂದು ಅಪಾಯದಲ್ಲಿರುವುದು ಬಣ್ಣವಲ್ಲ, ಬಯಲು. ಮಲೆನಾಡಿನಲ್ಲಿ ಭತ್ತದ ಗದ್ದೆಗಳಿಗೆ ಮಣ್ಣು ತುಂಬಿ ಅಡಿಕೆ ಸಸಿ ನೆಡುವುದು ಎಲ್ಲೆಡೆ ಕಾಣುವ ನೋಟ. ಕೂಲಿಯ ಅಭಾವ, ಕಾಡುಪ್ರಾಣಿಗಳ ಕಾಟ, ಭತ್ತದ ಬೆಲೆಗಳನ್ನು ನೋಡಿದರೆ ರೈತನನ್ನು ದೂರಲಾಗದು. ಆದರೆ ಗದ್ದೆ ಹೋದರೆ ಮಳೆನೀರು ನಿಂತು ಇಂಗುವ ಜಾಗ ಹೋಗುತ್ತದೆ, ದನದ ಹುಲ್ಲು ಹೋಗುತ್ತದೆ, ನೆರೆಗುಳಿಯಂತಹ ನೆರೆ ತಾಳುವ ಭತ್ತದ ತಳಿ ಹೋಗುತ್ತದೆ. ಜೊತೆಗೆ ಊರಿನವರೆಲ್ಲ ಒಟ್ಟಿಗೆ ಕುಳಿತು ಆಟ ನೋಡುವ ನೆಲವೂ ಹೋಗುತ್ತದೆ. ತೋಟದೊಳಗೆ ಬಯಲಾಟವಾಗದು.

ಎರಡನೆಯದು ರಾತ್ರಿಯ ಪ್ರಶ್ನೆ. ಇದು ಪರಿಸರವಾದಿಗಳಿಗೆ ಮುಜುಗರ ತರುವಂಥದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ನಿಯಮ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯದು. ರೋಗಿಗಳ, ಮಕ್ಕಳ, ಹಕ್ಕಿಪಕ್ಷಿಗಳ ನೆಮ್ಮದಿಗೆ ಅಗತ್ಯವಾದದ್ದು. ಆದರೆ ಅನೇಕ ಮೇಳಗಳು ಕಾಲಮಿತಿಯ ಆಟಕ್ಕೆ ಹೊರಳಿದುದಕ್ಕೆ ಇದೂ ಒಂದು ಕಾರಣ. ಬೆಳಗಿನವರೆಗಿನ ಆಟದಲ್ಲಿ ನಿಧಾನದ ಒಡ್ಡೋಲಗಕ್ಕೆ, ಎಳೆಯ ಕಲಾವಿದರು ಹೆಜ್ಜೆ ಕುದುರಿಸಿಕೊಳ್ಳುವ ಪೂರ್ವರಂಗಕ್ಕೆ ಅವಕಾಶವಿತ್ತು. ಮೂರು ಗಂಟೆಯ ಆಟದಲ್ಲಿ ಮೊದಲಿಗೆ ಕತ್ತರಿಗೆ ಸಿಗುವುದು ಅವೇ. ಇಲ್ಲಿ ತಪ್ಪು ನಿಯಮದ್ದಲ್ಲ, ಚೆಂಡೆಯದೂ ಅಲ್ಲ. ಧ್ವನಿವರ್ಧಕವಿಲ್ಲದೆ ಶತಮಾನಗಳ ಕಾಲ ನಡೆದ ಕಲೆಯನ್ನು ಅದಿಲ್ಲದೆ ನಡೆಯದು ಎಂಬ ಸ್ಥಿತಿಗೆ ತಂದದ್ದು ದೊಡ್ಡ ಜನಜಂಗುಳಿಯ ಆಸೆ. ಚಿಕ್ಕ ಬಯಲು, ಕೆಲವೇ ನೂರು ಜನ, ಭಾಗವತರ ಸಹಜ ಕಂಠ: ಇದನ್ನು ಮತ್ತೆ ಪ್ರಯೋಗಿಸಿ ನೋಡುವುದು ಹೊಸ ಸಂಯೋಜಕರಿಗೆ ಒಳ್ಳೆಯ ಸವಾಲು.

ತಳಿ ಅಭಿವೃದ್ಧಿಯ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1966ರಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-8 ತಳಿಯನ್ನು ಬಿಡುಗಡೆ ಮಾಡಿತು. ಅದು ಇಂಡೋನೇಷ್ಯಾದ ‘ಪೇಟಾ’ ಎಂಬ ಎತ್ತರದ ತಳಿ ಮತ್ತು ತೈವಾನಿನ ‘ಡೀ-ಜಿಯೋ-ವೂ-ಜೆನ್’ ಎಂಬ ಗಿಡ್ಡ ತಳಿಯ ಸಂಕರ. ತೈವಾನಿನ ರೈತರು ಆ ಗಿಡ್ಡ ಭತ್ತವನ್ನು ಉಳಿಸಿಕೊಳ್ಳದಿದ್ದರೆ ಹೊಸ ತಳಿಯೇ ಹುಟ್ಟುತ್ತಿರಲಿಲ್ಲ. ಆದರೆ ಹೀಗೆ ಹುಟ್ಟಿದ ಹೊಸ ತಳಿಗಳು ಹಬ್ಬಿದಲ್ಲೆಲ್ಲ ನಾಡತಳಿಗಳು ಗದ್ದೆಯಿಂದ ಮರೆಯಾದವು. ಹೊಸ ನೃತ್ಯಕ್ಕೂ ಈ ಮಾತು ಒಪ್ಪುತ್ತದೆ. ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯದ ತಂಡಗಳು ಬೆಳೆದಿವೆ. ಅಲ್ಲಿಯ ಸಂಯೋಜಕರು ಹೊಸ ಚಲನೆಗಳನ್ನು ಅರಸಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ಕಡೆಗೋ, ಸಿದ್ದಿ ಜನರ ಡಮಾಮಿ ಕುಣಿತದ ಕಡೆಗೋ ಬರುವುದು ಸಹಜ, ಸ್ವಾಗತಾರ್ಹ. ಆದರೆ ಎರಡು ದಿನ ಚಿತ್ರೀಕರಿಸಿಕೊಂಡು ಹೋಗಿ ನಗರದ ರಂಗದಲ್ಲಿ ಮೂರು ಹೆಜ್ಜೆ ಬಳಸಿಕೊಂಡರೆ ಅದು ಬೀಜವನ್ನು ಒಯ್ದು ಗದ್ದೆಯನ್ನು ಮರೆತಂತೆ. ಶೀತಲಗೃಹದ ಬೀಜ ಬದುಕಿರುತ್ತದೆ. ಬದಲಾಗುವ ಮಳೆ, ಬದಲಾಗುವ ಕೀಟಗಳಿಗೆ ಹೊಂದಿಕೊಳ್ಳುವುದನ್ನು ಮಾತ್ರ ಅದು ಕಲಿಯುವುದಿಲ್ಲ. ಅದನ್ನು ಕಲಿಯುವುದು ವರ್ಷವರ್ಷವೂ ಬಿತ್ತಿದ ಬೀಜವೇ.

ಆದುದರಿಂದ ಈ ಸಭೆಯ ಮುಂದೆ ಮೂರು ಸಲಹೆಗಳಿವೆ.

ಒಂದು, ಹಣ ಕೊಡುವ ಸಂಘಟನೆ ಕಲಾವಿದರಿಗೆ ಘೋಷಣೆಯ ಪಟ್ಟಿಯನ್ನು ಕೊಡಬಾರದು. ಬದಲಿಗೆ ಕಾಲಾವಕಾಶ ಕೊಡಬೇಕು. ನಾಟಿಯಿಂದ ಕೊಯಿಲಿನವರೆಗೆ ಒಂದು ಹಂಗಾಮನ್ನು ಊರಿನಲ್ಲಿ ಕಳೆಯಲು ಒಪ್ಪುವ ಸಂಯೋಜಕರಿಗೆ ಊಟ, ವಸತಿ, ಗೌರವಧನ ಒದಗಿಸಿದರೆ ಅದು ಹತ್ತು ಜಾಗೃತಿ ಕಾರ್ಯಕ್ರಮಗಳಿಗಿಂತ ಮೇಲು. ಕೊನೆಗೆ ಅವರು ಏನನ್ನು ಕುಣಿಯುತ್ತಾರೆ ಎಂಬುದನ್ನು ಅವರಿಗೇ ಬಿಡಬೇಕು.

ಎರಡು, ಹೆಜ್ಜೆ ಕೊಟ್ಟವರಿಗೆ ಪಾಲು ಸಿಗಬೇಕು. ಊರಿನ ಕುಣಿತದಿಂದ ಎತ್ತಿಕೊಂಡ ಚಲನೆಯಿಂದ ಹೊಸ ಕೃತಿಯಾದರೆ, ಅದರ ಮೊದಲ ಪ್ರದರ್ಶನ ಆ ಊರಿನಲ್ಲೇ ಆಗಲಿ. ಹೆಸರೂ ಸಂಭಾವನೆಯೂ ಕಲಿಸಿದವರಿಗೆ ಸಲ್ಲಲಿ. ಅವರ ಆಕ್ಷೇಪವನ್ನೂ ಕುಳಿತು ಕೇಳಲಿ.

ಮೂರು, ಪ್ರತಿ ಗ್ರಾಮದಲ್ಲಿಯೂ ಒಂದು ಆಟದ ಗದ್ದೆಯನ್ನು ಉಳಿಸಲು ಪ್ರಯತ್ನಿಸಬೇಕು. ಭತ್ತ ಬೆಳೆಯಲು ಒಪ್ಪಿದ ರೈತನಿಗೆ ಕೊಯಿಲಿನ ಆಳು, ಬೇಲಿಯ ಖರ್ಚುಗಳಲ್ಲಿ ಊರು ನೆರವಾಗಲಿ. ಕೊಯಿಲಾದ ಮೇಲೆ ಆ ಬಯಲಿನಲ್ಲಿ ಧ್ವನಿವರ್ಧಕವಿಲ್ಲದ, ಪ್ಲಾಸ್ಟಿಕ್ ಇಲ್ಲದ ಒಂದು ಆಟವಾಗಲಿ. ಅದರ ಅಂಚಿನಲ್ಲಿ ನಾಲ್ಕು ಹಲಸಿನ ಸಸಿಗಳನ್ನೂ ನೆಡಬಹುದು. ಚೆಂಡೆಯ ಕಳಸಿಗೆ ಸಾಕಾಗುವಷ್ಟು ಅವು ದಪ್ಪವಾಗಲು ದಶಕಗಳೇ ಬೇಕು; ಅದಕ್ಕೆಂದೇ ಈ ವರ್ಷವೇ ನೆಡಬೇಕು.

ಖರ್ಚಿನ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಕುಣಿತಕ್ಕೆ ಕೊಟ್ಟ ಹಣ ಪ್ರಚಾರದ ಬಾಬತ್ತಿಗೆ ಸೇರಬಾರದು. ಅದು ಒಂದು ಗದ್ದೆಗೆ, ಒಂದು ಹಂಗಾಮಿಗೆ, ಅಲ್ಲಿ ದುಡಿಯುವ ಮತ್ತು ಕುಣಿಯುವ ದೇಹಗಳಿಗೆ ಸಂದ ಹಣವಾಗಬೇಕು. ಹಾಗಾದಲ್ಲಿ ಲೆಕ್ಕಪತ್ರದಲ್ಲಿ ಅದನ್ನು ಸಂರಕ್ಷಣೆಯ ಬಾಬತ್ತಿನಲ್ಲಿಯೇ ಧೈರ್ಯವಾಗಿ ಬರೆಯಬಹುದು.