ಮರೀಚಿಯ ಪಕ್ಕದ ಸುರುಳಿ



ಸಪ್ತರ್ಷಿ ಮಂಡಲ ನಿಮಗೆಲ್ಲ ಗೊತ್ತು. ಅದರ ಬಾಲದ ತುದಿಯಲ್ಲಿರುವುದು ಮರೀಚಿ. ಮರೀಚಿಯಿಂದ ಮೂರೂವರೆ ಡಿಗ್ರಿ ಆಚೆಗೆ, ಅಂದರೆ ಕೈ ಚಾಚಿ ನೋಡಿದಾಗ ಎರಡು ಬೆರಳಗಲದಷ್ಟು ದೂರದಲ್ಲಿ, ಎಂ 51 ಎಂಬ ಸುರುಳಿ ಗೆಲಾಕ್ಸಿಯಿದೆ. ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. ಒಳ್ಳೆಯ ಕತ್ತಲಲ್ಲಿ ಬೈನಾಕ್ಯುಲರ್ ಹಿಡಿದರೆ ಹಲಗೆಯ ಮೇಲೆ ಅರ್ಧ ಒರೆಸಿದ ಸೀಮೆಸುಣ್ಣದಂಥ ಒಂದು ಮಸುಕು. 1773ರಲ್ಲಿ ಫ್ರಾನ್ಸಿನ ಷಾರ್ಲ್ ಮೆಸ್ಸಿಯೆ ಕಂಡದ್ದೂ ಹೆಚ್ಚುಕಡಿಮೆ ಅಷ್ಟನ್ನೇ. ಅದರಲ್ಲಿ ಸುರುಳಿ ಇದೆ ಎಂದು ಗೊತ್ತಾಗಲು 1845ರ ತನಕ ಕಾಯಬೇಕಾಯಿತು. ಐರ್ಲೆಂಡಿನ ಬರ್ ಕೋಟೆಯಲ್ಲಿ ಲಾರ್ಡ್ ರಾಸ್ ಆರು ಅಡಿ ಅಗಲದ ಲೋಹದ ಕನ್ನಡಿ ಎರಕ ಹೊಯ್ಯಿಸಿ, ಅದರಲ್ಲಿ ನೋಡುತ್ತಾ ಪೆನ್ಸಿಲ್ಲಿನಿಂದ ಆ ಸುರುಳಿಯನ್ನು ಬರೆದ.

ಆ ಆರು ಅಡಿ ಕನ್ನಡಿಯಲ್ಲಿ ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚಿನದನ್ನು ಇವತ್ತು ಎಂಟು ಇಂಚಿನ ಕನ್ನಡಿ ಮತ್ತು ಒಂದು ಕ್ಯಾಮೆರಾ ಇರುವ ಹವ್ಯಾಸಿ ಮನೆಯ ತಾರಸಿಯಿಂದಲೇ ಹಿಡಿಯಬಹುದು. ಕಾರಣ ಸರಳ. ಕಣ್ಣು ಬೆಳಕನ್ನು ಕೂಡಿಡುವುದಿಲ್ಲ, ಸೆನ್ಸರ್ ಕೂಡಿಡುತ್ತದೆ. ಹೀಗೆ ಬೆಳಕು ಕೂಡಿಡುವುದರ ಬಲವನ್ನು ಮೊದಲು ತೋರಿಸಿದವರಲ್ಲಿ ಐಸಾಕ್ ರಾಬರ್ಟ್ಸ್ ಒಬ್ಬ. ವೃತ್ತಿಯಿಂದ ಕಟ್ಟಡ ಕಟ್ಟುವವನು, 1888ರಲ್ಲಿ ಆಂಡ್ರೊಮಿಡಾದ ಫೋಟೋ ತೆಗೆದು ಅದರ ಸುರುಳಿ ರಚನೆಯನ್ನು ಲೋಕದ ಮುಂದಿಟ್ಟ. ನಮ್ಮ ಹವ್ಯಾಸಕ್ಕೆ ಆತನೇ ಹಿರಿಯಜ್ಜ ಎನ್ನಬಹುದು.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಮಾರ್ಚ್, ಏಪ್ರಿಲ್ ಒಳ್ಳೆಯದು. ಮಳೆಗಾಲ ಬಂದರೆ ಮುಗಿಯಿತು. ಬೆಂಗಳೂರಿನಲ್ಲಿ ಎಂ 51 ಉತ್ತರ ದಿಕ್ಕಿನಲ್ಲಿ 56 ಡಿಗ್ರಿ ಎತ್ತರಕ್ಕೆ ಬರುತ್ತದೆ, ಅದು ಸಾಕು. ತೊಡಕಿರುವುದು ಧ್ರುವ ನಕ್ಷತ್ರದ್ದು. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಜರುಗುತ್ತದೆ. ಅದನ್ನು ಸರಿದೂಗಿಸಲು ದೂರದರ್ಶಕದ ಮೌಂಟ್ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗಬೇಕು, ಆ ಅಕ್ಷ ಧ್ರುವದ ಕಡೆ ನೆಟ್ಟಿರಬೇಕು. ಯುರೋಪಿನವರಿಗೆ ಧ್ರುವ ಸಾಕಷ್ಟು ಎತ್ತರದಲ್ಲಿದೆ. ನಮಗೆ ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿಗೆ ಹೋದರೂ 18. ಪಕ್ಕದ ಮನೆಯವರ ನೀರಿನ ಟ್ಯಾಂಕು, ತೆಂಗಿನ ಗರಿ, ದಿಗಂತದ ಧೂಳು ಎಲ್ಲ ಅಡ್ಡ. ಧ್ರುವ ಕಾಣದಿದ್ದರೆ ಬೇರೆ ನಕ್ಷತ್ರಗಳನ್ನು ನೋಡಿ ಅಕ್ಷ ಲೆಕ್ಕಹಾಕುವ ತಂತ್ರಾಂಶಗಳು ಈಗ ಬಂದಿವೆ, ಪುಣ್ಯ.

ಒಂದೇ ಉದ್ದನೆಯ ಎಕ್ಸ್‌ಪೋಶರ್ ತೆಗೆಯುವುದಿಲ್ಲ. ಮೂರು ಮೂರು ನಿಮಿಷದ ಫ್ರೇಮುಗಳನ್ನು ತೆಗೆದು ಒಂದರ ಮೇಲೊಂದು ಪೇರಿಸುತ್ತೇವೆ. ಗೆಲಾಕ್ಸಿಯ ಬೆಳಕು ಎಲ್ಲ ಫ್ರೇಮಿನಲ್ಲೂ ಒಂದೇ ಜಾಗದಲ್ಲಿರುತ್ತದೆ, ಗದ್ದಲದ (ನಾಯ್ಸ್) ಚುಕ್ಕೆಗಳು ಮಾತ್ರ ಮನಬಂದಂತೆ ಬೀಳುತ್ತವೆ. 81 ಫ್ರೇಮು ಸೇರಿಸಿದರೆ ಗದ್ದಲ ಒಂಬತ್ತನೇ ಒಂದು ಪಾಲಿಗಿಳಿಯುತ್ತದೆ. ಅದನ್ನು ಮತ್ತೆ ಅರ್ಧ ಮಾಡಬೇಕೆಂದರೆ ನಾಲ್ಕು ಗಂಟೆಯ ಕೆಲಸಕ್ಕೆ ಹದಿನಾರು ಗಂಟೆ ಬೇಕು. ಈ ವರ್ಗಮೂಲದ ಲೆಕ್ಕ ಬಹಳ ನಿರ್ದಯಿ. ಉಪಗ್ರಹದ ಗೆರೆಗಳನ್ನು ತಂತ್ರಾಂಶವೇ ಹೊರಗೆಸೆಯುತ್ತದೆ. ಆ ರಾತ್ರಿ ಅಲ್ಲಿ ಹಾದುಹೋದ ಕ್ಷುದ್ರಗ್ರಹವಿದ್ದರೆ ಅದನ್ನೂ ಜೊತೆಗೇ ಎಸೆದಿರುತ್ತದೆ. ಬೆಳಗಾಗುವ ಹೊತ್ತಿಗೆ ದೂರದರ್ಶಕದ ಕೊಳವೆಯ ಬಾಯಿಗೆ ಬಿಳಿ ಟೀ ಶರ್ಟ್ ಬಿಗಿದು ಆಕಾಶಕ್ಕೆ ತಿರುಗಿಸಿ ಒಂದಷ್ಟು ಫ್ರೇಮು ತೆಗೆದುಕೊಳ್ಳಬೇಕು. ಸೆನ್ಸರಿನ ಮುಂದಿನ ಧೂಳಿನ ಉಂಗುರಗಳು, ಅಂಚಿನ ಕತ್ತಲು ಇವುಗಳನ್ನು ಆಮೇಲೆ ಭಾಗಿಸಿ ತೆಗೆಯುವುದಕ್ಕೆ ಅವು ಬೇಕು. ನಿದ್ದೆಗಣ್ಣಿನಲ್ಲಿ ಇದನ್ನು ಬಿಟ್ಟವರು ವಾರಪೂರ್ತಿ ಕಂಪ್ಯೂಟರಿನ ಮುಂದೆ ಕೂತು ಪಡಬೇಕಾದ್ದನ್ನು ಪಡುತ್ತಾರೆ.

ಪೇರಿಸಿ ಮುಗಿದ ಚಿತ್ರವನ್ನು ತೆರೆದರೆ ಪರದೆ ಕಪ್ಪು, ಅಲ್ಲಲ್ಲಿ ನಾಲ್ಕು ನಕ್ಷತ್ರ. ಮೊದಲ ಸಲ ನೋಡಿದವರು ಎಲ್ಲ ಹಾಳಾಯಿತೆಂದುಕೊಳ್ಳುತ್ತಾರೆ. ಗೆಲಾಕ್ಸಿ ಒಳಗೇ ಇದೆ. ಹೊಳಪಿನ 65,536 ಮೆಟ್ಟಿಲುಗಳ ಪೈಕಿ ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ಅಡಕವಾಗಿ ಕೂತಿದೆ. ಆ ಕೆಳಗಿನ ಭಾಗವನ್ನು ಹಿಗ್ಗಿಸಿ, ಮೇಲಿನದನ್ನು ಕುಗ್ಗಿಸಿದಾಗ ತೋಳುಗಳು ಏಳುತ್ತವೆ. ಸಿರಿಲ್ ಎಂಬ ಉಚಿತ ತಂತ್ರಾಂಶವೇ ಇದಕ್ಕೆ ಸಾಕು. ಬಣ್ಣವನ್ನು ನಮ್ಮ ಇಷ್ಟಕ್ಕೆ ಬಿಡದೆ, ಗೈಯಾ ಉಪಗ್ರಹ ಅಳೆದ ನಕ್ಷತ್ರಗಳ ಬಣ್ಣಕ್ಕೆ ಹೋಲಿಸಿ ಸರಿಪಡಿಸಬಹುದು. ನನ್ನ ಒಂದು ಪರೀಕ್ಷೆ ಹೇಳುತ್ತೇನೆ. ಎಂ 51ರ ತೋಳುಗಳಲ್ಲಿ ಎಳೆಯ ನಕ್ಷತ್ರಗಳಿವೆ, ಅವು ನೀಲಿ. ತೋಳಿನ ತುದಿಯಲ್ಲಿರುವ ಜೊತೆಗಾರ ಗೆಲಾಕ್ಸಿ, ಎನ್‌ಜಿಸಿ 5195, ಹಳೆಯ ನಕ್ಷತ್ರಗಳದ್ದು, ಹಳದಿ ಛಾಯೆಯದು. ಅದೂ ನೀಲಿಯಾಗಿ ಬಂದಿದ್ದರೆ ಎಲ್ಲೋ ಕೈ ಅತಿಯಾಯಿತೆಂದು ತಿಳಿಯಿರಿ.

ಕೈ ಅತಿಯಾಗುವುದೇ ಈ ಹವ್ಯಾಸದ ದೊಡ್ಡ ಕಾಯಿಲೆ ಎಂಬುದು ನನ್ನ ಅಭಿಪ್ರಾಯ. 2005ರಲ್ಲಿ ಹಬಲ್ ತೆಗೆದ ಎಂ 51ರ ಚಿತ್ರ ಎಲ್ಲರ ತಲೆಯಲ್ಲೂ ಕೂತಿದೆ. ತಮ್ಮದೂ ಹಾಗಾಗುವ ತನಕ ಜನ ಸ್ಲೈಡರ್ ಎಳೆಯುತ್ತಾರೆ. ಈಗ ಸಾವಿರಾರು ಚಿತ್ರಗಳನ್ನು ನೋಡಿ ಕಲಿತ ತಂತ್ರಾಂಶಗಳು ಒಂದೇ ಕ್ಲಿಕ್ಕಿಗೆ ಧೂಳಿನ ಎಳೆಗಳನ್ನು ಕೆತ್ತಿ ಕೊಡುತ್ತವೆ. ಇಲ್ಲಿ ಒಂದು ಲೆಕ್ಕ ಮಾಡಿ. ಗೆಲಾಕ್ಸಿ ಸುಮಾರು 2.8 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮ ತಾರಸಿಯ ಮೇಲಿನ ಗಾಳಿ ಒಳ್ಳೆಯ ರಾತ್ರಿಯಲ್ಲೂ ನಕ್ಷತ್ರವನ್ನು ಎರಡು ಆರ್ಕ್‌ಸೆಕೆಂಡಿನಷ್ಟು ಹರಡುತ್ತದೆ. ಆ ದೂರದಲ್ಲಿ ಅದು 270 ಜ್ಯೋತಿರ್ವರ್ಷದಷ್ಟಾಯಿತು. ಅದಕ್ಕಿಂತ ತೀರಾ ಸಣ್ಣ ವಿವರ ನಿಮ್ಮ ಚಿತ್ರದಲ್ಲಿ ಕಂಡರೆ, ಅದು ನಿಮ್ಮ ಆಕಾಶದಿಂದ ಬಂದದ್ದಲ್ಲ.

ಹಬಲ್ ಚಿತ್ರದಲ್ಲಿಲ್ಲದ್ದು ನಮ್ಮಲ್ಲಿ ಸಿಗುವುದೂ ಉಂಟು. ಜೊತೆಗಾರ ಗೆಲಾಕ್ಸಿಯ ಸುತ್ತ, ಎರಡರ ಸೆಳೆತಕ್ಕೆ ಚೆಲ್ಲಿಹೋದ ನಕ್ಷತ್ರಗಳ ಮಸುಕಾದ ಬಾಲಗಳಿವೆ. ಹಬಲ್ ಚಿತ್ರದ ಚೌಕಟ್ಟು ಅವನ್ನು ಕತ್ತರಿಸಿಬಿಡುತ್ತದೆ. ಅಗಲ ನೋಟದ ಪುಟ್ಟ ದೂರದರ್ಶಕ, ಕತ್ತಲ ಜಾಗ, ಹತ್ತಾರು ಗಂಟೆಯ ಬೆಳಕು ಇದ್ದರೆ ಅವು ಮೇಲೇಳುತ್ತವೆ. ವಿವರ ಚುರುಕುಗೊಳಿಸುವ ಹುಚ್ಚಿಗಿಂತ ಈ ಬಾಲಗಳ ಬೆನ್ನು ಹತ್ತುವುದು ಲೇಸು.

ಇನ್ನೊಂದು ಮಾತು, ಕಚ್ಚಾ ಫ್ರೇಮುಗಳನ್ನು ಅಳಿಸಬೇಡಿ. 1994, 2005, 2011ರಲ್ಲಿ ಎಂ 51ರಲ್ಲಿ ಸೂಪರ್ನೋವಾಗಳು ಸಿಡಿದವು. ಮೂರನ್ನೂ ಮೊದಲು ಗುರುತಿಸಿದವರಲ್ಲಿ ಹವ್ಯಾಸಿಗಳಿದ್ದರು. ಹೊಸ ಚುಕ್ಕೆಯೊಂದು ಕಂಡಾಗ ಹೋಲಿಸಲು ಹಳೆಯ ಫ್ರೇಮು ಬೇಕು, ಅದೂ ಯಾವ ಅಲಂಕಾರವೂ ಇಲ್ಲದ್ದು. ಈಗ ಸಭಾಂಗಣದ ದೀಪ ಆರಿಸಿದರೆ ಒಂಟಿ ಫ್ರೇಮನ್ನೂ ಪೇರಿಸಿದ ಚಿತ್ರವನ್ನೂ ಅಕ್ಕಪಕ್ಕ ಹಾಕುತ್ತೇನೆ. ಪ್ರಶ್ನೆಗಳಿದ್ದರೆ ನಡುವೆಯೇ ಕೇಳಿ.