ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಲೆಕ್ಕ

(ಡೊಂಬಿವಲಿಯಲ್ಲಿ ಕೂಡಿದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಾಡಲು ನಿಂತಿರುವುದು ಇಲ್ಲಿಯ ಎಂ.ಐ.ಡಿ.ಸಿ.ಯ ವಿಷಯ. ರಾಸಾಯನಿಕ ಕಾರ್ಖಾನೆಗಳನ್ನು ಡೊಂಬಿವಲಿಯಿಂದ ಎಬ್ಬಿಸಬೇಕೆಂಬ ಕೂಗು ಹೊಸದಲ್ಲ. 2016ರ ಮೇ 26ರಂದು ಒಂದು ಕಾರ್ಖಾನೆ ಸಿಡಿದು ಹನ್ನೆರಡು ಜನ ಸತ್ತರು. ಎಷ್ಟೋ ದೂರದ ಮನೆಗಳ ಗಾಜು ಪುಡಿಯಾಯಿತು. ಎಂಟು ವರ್ಷದ ಮೇಲೆ, 2024ರ ಮೇ 23ರಂದು, ಮತ್ತೊಂದು ಸಿಡಿಯಿತು. ಆಗಲೂ ಹತ್ತಕ್ಕಿಂತ ಹೆಚ್ಚು ಜೀವ ಹೋಯಿತು. ಈ ಎರಡರ ನಡುವೆ, 2022ರಲ್ಲಿ, ನೂರೈವತ್ತಕ್ಕೂ ಹೆಚ್ಚು ಅಪಾಯದ ಕಾರ್ಖಾನೆಗಳನ್ನು ಪಾತಾಳಗಂಗೆಯ ಕಡೆಗೆ ಸಾಗಿಸುವೆವೆಂದು ಸರಕಾರ ಸಾರಿತ್ತು.

ಎಬ್ಬಿಸಿರೆಂದು ಹೇಳುವವರು ಒಂದು ಕಡೆ, ಎಬ್ಬಿಸಿದರೆ ಹೊಟ್ಟೆಗೇನೆಂದು ಕೇಳುವವರು ಇನ್ನೊಂದು ಕಡೆ. ನಾವು ಯಾವ ಕಡೆ? ಎರಡೂ ಕಡೆ. ಅದೇ ಕಾರ್ಖಾನೆಯ ಬೆನ್ನಿಗೆ ನಮ್ಮ ಖೋಲಿ ಇದೆ, ಮಕ್ಕಳು ಮಲಗುತ್ತಾರೆ; ಅದೇ ಕಾರ್ಖಾನೆಯ ಗೇಟಿನ ಮುಂದೆ ನಮ್ಮ ಹೋಟೆಲಿದೆ, ಒಲೆ ಉರಿಯುತ್ತದೆ. ಸಿಡಿಯುವ ಕಾರ್ಖಾನೆ ಊರೊಳಗೆ ಇರಲಿ ಎಂದು ಹೇಳುವಷ್ಟು ಬುದ್ಧಿಗೇಡಿಗಳು ನಾವಲ್ಲ. ಆದರೆ ಅದು ಹೋಗುವಾಗ ಏನೇನು ತೆಗೆದುಕೊಂಡು ಹೋಗುವುದು ಎಂಬ ಲೆಕ್ಕ ಮೊದಲೇ ಆಗಬೇಕು, ಮತ್ತು ಆ ಲೆಕ್ಕದಲ್ಲಿ ನಾವೂ ಇರಬೇಕು.

ಇಂಥ ಲೆಕ್ಕ ಹಾಕುವ ಪದ್ಧತಿ ಲೋಕದಲ್ಲಿ ಇಲ್ಲದ್ದಲ್ಲ. ಅಣುವಿದ್ಯುತ್ ಸ್ಥಾವರಗಳನ್ನು ಮುಚ್ಚುವಾಗ ಹೊರದೇಶಗಳಲ್ಲಿ ಊರಿಗೇನು ನಷ್ಟವೆಂದು ಪಂಡಿತರನ್ನು ಕೂರಿಸಿ ಎಣಿಸುತ್ತಾರೆ. ಅಣುಸ್ಥಾವರ ನಮಗೂ ದೂರದ್ದಲ್ಲ. ತಾರಾಪುರದಲ್ಲಿ 1969ರಿಂದಲೇ ಇದೆ. 2014ರಲ್ಲಿ ಪಾಲ್ಘರ್ ಬೇರೆಯಾಗುವ ತನಕ ಅದು ನಮ್ಮ ಠಾಣೆ ಜಿಲ್ಲೆಯದೇ ಆಗಿತ್ತು. ಕಾರವಾರದ ಕಡೆಯ ಹುಡುಗರಿಗೆ ಕೈಗಾ ಗೊತ್ತು. ಇಂಥ ಯಂತ್ರಕ್ಕೆಲ್ಲ ಒಂದು ಆಯುಸ್ಸು ಇದೆ. ಎಂದಾದರೊಂದು ದಿನ ನಿಲ್ಲಿಸಲೇಬೇಕು. ಅಮೇರಿಕದ ಶಿಕಾಗೋ ಪಟ್ಟಣದ ಉತ್ತರಕ್ಕೆ, ಸರೋವರದ ದಡದಲ್ಲಿ, ಝಯಾನ್ ಎಂಬ ಊರಿದೆ. ಅಲ್ಲಿಯ ಅಣುಸ್ಥಾವರ 1998ರಲ್ಲಿ ಮುಚ್ಚಿತು. ಊರಿನ ತೆರಿಗೆಯ ದೊಡ್ಡ ಪಾಲು ಆ ಒಂದೇ ಸ್ಥಾವರದಿಂದ ಬರುತ್ತಿತ್ತು. ಅದು ನಿಂತಾಗ ಶಾಲೆಗೂ ರಸ್ತೆಗೂ ಹಣ ಸಾಲದೆ ಉಳಿದ ಮನೆಯವರ ಮೇಲೆ ತೆರಿಗೆಯ ಭಾರ ಬಿತ್ತು. ಉರಿದು ಮುಗಿದ ಅಣು ಇಂಧನ ಮಾತ್ರ ಸರೋವರದ ದಡದಲ್ಲಿಯೇ ಉಳಿಯಿತು. ದುಡ್ಡು ಹೋಯಿತು, ಕಸ ಉಳಿಯಿತು.

ಅದೇ ದೇಶದ ವರ್ಮಾಂಟ್ ಎಂಬ ಸಂಸ್ಥಾನದಲ್ಲಿ ಇನ್ನೊಂದು ಸ್ಥಾವರವನ್ನು ಮುಚ್ಚುವೆವೆಂದು 2013ರ ಆಗಸ್ಟಿನಲ್ಲಿ ಸಾರಿ, 2014ರ ಡಿಸೆಂಬರ್ ಕೊನೆಗೆ ಮುಚ್ಚಿದರು. ಸುಮಾರು ಆರುನೂರು ಜನರ ಕೆಲಸ. ಹದಿನಾರು ತಿಂಗಳ ಮುಂಚಿತ ತಿಳಿವಳಿಕೆ. ಜರ್ಮನಿಯಲ್ಲಂತೂ 2011ರಲ್ಲಿ ಕಾಯಿದೆ ಮಾಡಿ, ಕಡೆಯ ಮೂರು ಸ್ಥಾವರ 2023ರ ಏಪ್ರಿಲಿನಲ್ಲಿ ನಿಂತವು. ಹನ್ನೆರಡು ವರ್ಷ! ಅಲ್ಲಿಯವರಿಗೆ ಕಷ್ಟವೇ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಯಾವ ತಾರೀಖಿಗೆ ಕೆಲಸ ಹೋಗುವುದು ಎಂದು ಗೊತ್ತಿದ್ದವನು ಮಗಳ ಮದುವೆಗೆ ಸಾಲ ಮಾಡುವ ಮುಂಚೆ ಒಂದು ಸಲ ಯೋಚಿಸುತ್ತಾನೆ.

ಇನ್ನು ನಮ್ಮ ಕಡೆಗೆ ಬನ್ನಿ. ಕಲ್ಯಾಣದಿಂದ ಕಸಾರಾ ಗಾಡಿಯಲ್ಲಿ ಶಹಾಡ್ ದಾಟಿದರೆ ಆಂಬಿವಲಿ. ಅಲ್ಲಿ ಮೋಹನೆಯಲ್ಲಿ ನ್ಯಾಷನಲ್ ರೇಯಾನ್ ಕಾರ್ಪೊರೇಷನ್, ಎಲ್ಲರ ಬಾಯಲ್ಲಿ ಎನ್.ಆರ್.ಸಿ. ರೇಯಾನ್ ನೂಲು, ನೈಲಾನ್, ಕಾಸ್ಟಿಕ್ ಸೋಡಾ, ಮೂರು ಪಾಳಿ, ಕಾಲನಿ, ಶಾಲೆ, ಎಲ್ಲವೂ ಕಾರ್ಖಾನೆಯ ಸುತ್ತಲೇ. ಸುಮಾರು ನಾಲ್ಕು ಸಾವಿರ ಜನರ ಹೊಟ್ಟೆಪಾಡು. 2009ರ ನವೆಂಬರಿನಲ್ಲಿ ಗೇಟಿಗೆ ಬೀಗ ಬಿತ್ತು. ಬೀಗಮುದ್ರೆ ಎಂದರೆ ಮುಚ್ಚಿದ್ದೂ ಅಲ್ಲ, ತೆರೆದದ್ದೂ ಅಲ್ಲ. ಇಂದು ತೆರೆಯಬಹುದು, ನಾಳೆ ತೆರೆಯಬಹುದು ಎಂದು ಬೇರೆ ಕೆಲಸ ಹುಡುಕದೆ ಕಾದವರು ಎಷ್ಟೋ ಜನ. ಬಾಕಿ ಹಣಕ್ಕಾಗಿ ಹತ್ತು ವರ್ಷ ಮೀರಿ ಅಲೆದರು. ಕಂಪನಿ ದಿವಾಳಿಯ ನ್ಯಾಯಮಂಡಳಿಗೆ ಹೋಗಿ, ಜಾಗ ಹೊಸ ಒಡೆಯರ ಕೈ ಸೇರಿತು. ಯಾವ ಸರಕಾರಿ ಕಾಗದದಲ್ಲಿ ನೋಡಿದರೂ ಸಿಗುವುದು ಆ ನಾಲ್ಕು ಸಾವಿರದ ಲೆಕ್ಕ. ಗೇಟಿನ ಹೊರಗೆ ಚಹಾ ಕುದಿಸುತ್ತಿದ್ದವನು ಆ ಲೆಕ್ಕದಲ್ಲಿ ಇಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ನಮ್ಮ ಕಸುಬಿನ ಮಾತು. ನಾವು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು, ಅರ್ಥಶಾಸ್ತ್ರ ಓದಿದವರಲ್ಲ. ಆದರೆ ಕಪ್ಪು ಬಸಿ ತೊಳೆಯುವುದರಿಂದ ಹಿಡಿದು ಗಲ್ಲಾದ ತನಕ ಹೋಟೆಲಿನ ಎಲ್ಲ ಕೆಲಸ ಮಾಡಿರುವೆವು. ಕಾರ್ಖಾನೆಯ ಗೇಟಿನ ಹತ್ತಿರದ ಹೋಟೆಲಿನಲ್ಲಿ ಒಂದು ಉದ್ರಿ ಪುಸ್ತಕ ಇರುತ್ತದೆ. ಊರಿನ ನಾಡಿ ನೋಡಬೇಕೆಂದರೆ ಅದನ್ನು ತೆರೆಯಬೇಕು. ಪಗಾರದ ದಿನ ಉದ್ರಿ ತೀರುತ್ತದೆ; ಅಂದು ಮಸಾಲೆ ದೋಸೆ, ಶಿರಾ ಹೋಗುತ್ತದೆ. ತಿಂಗಳ ಕೊನೆಗೆ ಕಟಿಂಗ್ ಚಹಾ, ಪಾವು. ಓವರ್‌ಟೈಮ್ ನಿಂತರೆ ಮೊದಲು ಗೊತ್ತಾಗುವುದು ಯೂನಿಯನ್ನಿಗಲ್ಲ, ಗಲ್ಲಾದ ಮೇಲೆ ಕುಳಿತವನಿಗೆ. ಪಾಳಿ ಮೂರರಿಂದ ಎರಡಕ್ಕೆ ಇಳಿದರೆ ರಾತ್ರಿಯ ಭಟ್ಟರ ಕೆಲಸ ಹೋಗುತ್ತದೆ.

ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ಕಾರ್ಖಾನೆಯಲ್ಲಿ ಸಾವಿರ ಜನ ಎಂದುಕೊಳ್ಳಿ. ಒಬ್ಬೊಬ್ಬ ದಿನಕ್ಕೆ ಚಹಾ-ತಿಂಡಿಗೆ ನಲವತ್ತು ರೂಪಾಯಿ ಖರ್ಚು ಮಾಡಿದರೂ ದಿನಕ್ಕೆ ನಲವತ್ತು ಸಾವಿರ. ಇಪ್ಪತ್ತಾರು ದಿನಕ್ಕೆ ಹತ್ತು ಲಕ್ಷ ನಲವತ್ತು ಸಾವಿರ. ಇದು ಬರೀ ಚಹಾ-ತಿಂಡಿಯದು. ಖಾನಾವಳಿಯ ಊಟ, ಖೋಲಿಯ ಬಾಡಿಗೆ, ಕಿರಾಣಿ, ರಿಕ್ಷಾ, ಕ್ಷೌರ ಬೇರೆ. ಆ ಹತ್ತು ಲಕ್ಷ ಹೋಟೆಲಿನ ಧಣಿಯ ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಹಾಲಿನವನಿಗೆ, ಭಾಜಿಯವನಿಗೆ, ಗ್ಯಾಸಿಗೆ, ಬಾಡಿಗೆಗೆ ಹೋಗುತ್ತದೆ. ಉಳಿದದ್ದರಲ್ಲಿ ಹುಡುಗರ ಪಗಾರ. ಆ ಪಗಾರ ಕುಂದಾಪುರಕ್ಕೆ, ಕಾರ್ಕಳಕ್ಕೆ, ಬೈಂದೂರಿಗೆ ಹೋಗುತ್ತದೆ. ಹಿಂದೆ ಮನಿ ಆರ್ಡರಿನಲ್ಲಿ ಹೋಗುತ್ತಿತ್ತು, ಈಗ ಫೋನಿನಲ್ಲಿ ಹೋಗುತ್ತದೆ; ಹೋಗುವ ಮನೆ ಅದೇ. ಮೋಹನೆಯಲ್ಲಿ ಬೀಗ ಬಿದ್ದರೆ ಕುಂದಾಪುರದ ಹಂಚಿನ ಮನೆಯಲ್ಲಿ ಮಳೆಗಾಲಕ್ಕೆ ಹಂಚು ಬದಲಾಗುವುದಿಲ್ಲ. ಯಾವ ಇಲಾಖೆ ಇದನ್ನು ಎಣಿಸಿದೆ?

ಕಾಯಿದೆಯಲ್ಲಿ ಏನಿದೆ ಎಂದು ಕೇಳುವಿರಿ. ಕಾರ್ಖಾನೆ ಮುಚ್ಚಿದರೆ ಕಾಯಂ ಕಾರ್ಮಿಕನಿಗೆ ಒಂದೊಂದು ವರ್ಷದ ಸೇವೆಗೆ ಹದಿನೈದು ದಿನದ ಪಗಾರ ಪರಿಹಾರ. ಇಪ್ಪತ್ತು ವರ್ಷ ದುಡಿದವನಿಗೆ ಮುನ್ನೂರು ದಿನದ ಪಗಾರ. ಗ್ರಾಚ್ಯುಯಿಟಿ, ಪ್ರಾವಿಡೆಂಟ್ ಫಂಡ್ ಬೇರೆ. ಹಿಂದೆ ನೂರು ಜನರಿರುವ ಕಾರ್ಖಾನೆ ಮುಚ್ಚಲು ಸರಕಾರದ ಅಪ್ಪಣೆ ಬೇಕಿತ್ತು. 2020ರ ಹೊಸ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ಆ ನೂರು ಮುನ್ನೂರಾಗಿದೆ. ಡೊಂಬಿವಲಿಯಲ್ಲಿ ಮುನ್ನೂರು ಜನರಿರುವ ಕಾರ್ಖಾನೆ ಎಷ್ಟಿವೆ, ನೀವೇ ಬೆರಳು ಮಡಚಿ ನೋಡಿ. ಗುತ್ತಿಗೆಯವನ ಹೆಸರು ಕಂಪನಿಯ ಪುಸ್ತಕದಲ್ಲಿ ಇರುವುದಿಲ್ಲ. ಹೊರಗಿನ ಹೋಟೆಲಿನ ಹುಡುಗನಿಗಂತೂ ಸೊನ್ನೆ. ಅವನ ಹೋಟೆಲನ್ನು ಯಾರೂ ಮುಚ್ಚಿಸಲಿಲ್ಲವಲ್ಲ, ಗಿರಾಕಿ ಬರಲಿಲ್ಲ ಅಷ್ಟೇ! ನಾವು ದುಡಿದ ಒಂದು ಹೋಟೆಲು ಹೀಗೆಯೇ ಬಾಗಿಲು ಹಾಕಿತು. ಹನ್ನೊಂದು ಜನರಿದ್ದೆವು. ಎರಡು ತಿಂಗಳ ಬಾಕಿ ಪಗಾರಕ್ಕೆ ಬದಲು ಧಣಿಗಳು ಒಬ್ಬೊಬ್ಬನಿಗೆ ಕೆಲವು ಸ್ಟೀಲಿನ ತಟ್ಟೆ ಕೊಟ್ಟು ಕಳಿಸಿದರು.

ಗಿರಣಿಯ ಅಣ್ಣಂದಿರಿಗೆ ನಾವು ಹೇಳಿಕೊಡಬೇಕಾದದ್ದಿಲ್ಲ. 1982ರ ಜನವರಿ 18ರಂದು ಹೂಡಿದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು; ಅದರಲ್ಲಿ ಎಷ್ಟೋ ಜನ ಮರಳಿ ಒಳಗೆ ಹೋಗಲೇ ಇಲ್ಲ. ಗಿರಣಗಾವಿನ ಖಾನಾವಳಿ ನಡೆಸುತ್ತಿದ್ದ ಹೆಂಗಸರ ಒಲೆಯೂ ಅದರೊಂದಿಗೇ ಆರಿತು. ಈ ಡೊಂಬಿವಲಿ-ಕಲ್ಯಾಣದ ಚಾಳುಗಳಿಗೆ ನಮ್ಮ ಹಿರಿಯರಲ್ಲಿ ಕೆಲವರು ಬಂದದ್ದು ಆ ಹೊಡೆತದಿಂದಲೇ.

ಮುಚ್ಚಿದ ಜಾಗದಲ್ಲಿ ಮುಂದೇನು ಎಂಬುದು ಇನ್ನೊಂದು ಪ್ರಶ್ನೆ. ಇಲ್ಲೇ ಪಕ್ಕದಲ್ಲಿ ಠಾಕುರ್ಲಿಯಲ್ಲಿ ರೈಲ್ವೆಯ ಚೋಳೆ ಪವರ್ ಹೌಸ್ ಇತ್ತು. 1929ರಲ್ಲಿ ಕಲ್ಲಿದ್ದಲು ಉರಿಸಿ ಘಟ್ಟದ ಗಾಡಿಗಳಿಗೆ ವಿದ್ಯುತ್ ಕೊಡಲು ಕಟ್ಟಿದ್ದು. 1980ರ ದಶಕದ ಕೊನೆಗೆ ಅದು ನಿಂತಿತು. ಅನಿಲದಿಂದ ನಡೆಯುವ ಹೊಸ ಸ್ಥಾವರದ ಮಾತು ಎದ್ದಿತು; ಮಾತು ಮಾತಾಗಿಯೇ ಉಳಿಯಿತು. ನವಿ ಮುಂಬಯಿಯ ಠಾಣೆ-ಬೇಲಾಪುರ ರಸ್ತೆಯಲ್ಲಿ ಬೇರೆ ಕಥೆ: ರಾಸಾಯನಿಕ ಕಾರ್ಖಾನೆಗಳಿದ್ದ ಪಟ್ಟಿಯಲ್ಲಿ ಈಗ ಗಾಜಿನ ಕಂಪ್ಯೂಟರ್ ಕಚೇರಿಗಳು. ಜನ ಕಡಿಮೆಯಾಗಿಲ್ಲ. ಆದರೆ ಹಳೆಯ ಕಾರ್ಮಿಕನ ಮಗನಿಗೆ ಅಲ್ಲಿ ಸಿಗುವುದು ಹೆಚ್ಚಾಗಿ ಪಹರೆಯ ಕೆಲಸ, ಝಾಡುವಿನ ಕೆಲಸ. ಊಟ-ತಿಂಡಿ ಒಳಗೇ, ದೊಡ್ಡ ಗುತ್ತಿಗೆದಾರರ ಕ್ಯಾಂಟೀನಿನಲ್ಲಿ. ರಸ್ತೆಯ ಉಡುಪಿ ಹೋಟೆಲಿಗೆ ಬರುವವರು ರಿಕ್ಷಾದವರು, ಪಹರೆಯವರು.

ನಮ್ಮೂರಿನ ಕಡೆಯದೊಂದು ಉದಾಹರಣೆ ಹೇಳಿ ಮುಂದೆ ಹೋಗುವೆವು. ಕುದುರೆಮುಖದ ಅದಿರಿನ ಗಣಿಯನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಾಡು, ಹೊಳೆ ಉಳಿಯಬೇಕೆಂಬುದು ಸರಿಯಾದ ಮಾತೇ. ಮೂರು ವರ್ಷದ ಗಡುವೂ ಸಿಕ್ಕಿತು. ಕಂಪನಿಯ ಮಂಗಳೂರಿನ ಉಂಡೆ ಕಾರ್ಖಾನೆ ಹೊರಗಿನ ಅದಿರು ತರಿಸಿ ಮುಂದುವರಿಯಿತು. ಕಾಯಂ ನೌಕರರಿಗೆ ಏನೋ ಒಂದು ದಾರಿಯಾಯಿತು. ಆದರೆ ಮೇಲಿನ ಟೌನ್‌ಶಿಪ್ ಬರಿದಾಯಿತು. ಅಲ್ಲಿಯ ಅಂಗಡಿ, ಹೋಟೆಲಿನವರಿಗೆ ಗಡುವು ಸಿಕ್ಕಿತು, ಗಂಟು ಸಿಗಲಿಲ್ಲ. ಬರೀ ಮುಂಚಿತ ತಿಳಿವಳಿಕೆಯಿಂದ ಎಲ್ಲ ಆಗುವುದಿಲ್ಲ ಎಂದು ತಿಳಿಯಲು ಕಾರ್ಕಳದವರು ಅಮೇರಿಕದ ತನಕ ಹೋಗಬೇಕಾಗಿಲ್ಲ.

ಆದುದರಿಂದ ಸಂಘವು ಸರಕಾರದ ಮುಂದೆ ಇಡಬೇಕೆಂದಿರುವ ಬೇಡಿಕೆ ಹೀಗಿದೆ. ಯಾವ ಕಾರ್ಖಾನೆ, ಯಾವ ತಿಂಗಳು ಹೋಗುವುದು ಎಂಬ ಪಟ್ಟಿಯನ್ನು ಮೊದಲೇ ಪ್ರಕಟಿಸಬೇಕು, ಮರಾಠಿಯಲ್ಲಿ, ಗೇಟಿನ ಮೇಲೆ. ಮುಚ್ಚುವ ಮೊದಲು ಗೇಟಿನಿಂದ ಒಂದು ಕಿಲೋಮೀಟರಿನೊಳಗಿನ ಹೋಟೆಲು, ಖಾನಾವಳಿ, ಅಂಗಡಿ, ಬಾಡಿಗೆ ಖೋಲಿಗಳನ್ನು ಎಣಿಸಬೇಕು. ಗುತ್ತಿಗೆಯವರನ್ನು ಹೆಸರು ಹಿಡಿದು ಎಣಿಸಬೇಕು. ಖಾಲಿಯಾದ ಭೂಮಿ ಮಾರಿದ ಹಣದಲ್ಲಿ ಇವರಿಗೆಲ್ಲ ಒಂದು ಪಾಲು ತೆಗೆದಿಡಬೇಕು. ಭೂಮಿಯ ಬೆಲೆ ಏರಿದ್ದು ಊರಿನಿಂದ, ಕಂಪನಿಯಿಂದ ಅಲ್ಲ. ಹೊಸ ಜಾಗದಲ್ಲಿ ಕಾರ್ಖಾನೆ ತೆರೆದರೆ ಅಲ್ಲಿಯ ಕ್ಯಾಂಟೀನಿನಲ್ಲಿ ಇಲ್ಲಿಯ ಹುಡುಗರಿಗೆ ಮೊದಲ ಅವಕಾಶ ಕೊಡಬೇಕು. ಮತ್ತು ಸ್ಥಳಾಂತರ ಆಗುವ ತನಕ ರಿಯಾಕ್ಟರು, ಬಾಯ್ಲರುಗಳ ತಪಾಸಣೆ ನಿಲ್ಲಬಾರದು. ಹೇಗೂ ಹೋಗುವ ಕಾರ್ಖಾನೆ ಎಂದು ದುರಸ್ತಿಗೆ ದುಡ್ಡು ಹಾಕದೆ ಬಿಡುವ ಧಣಿಗಳಿರುತ್ತಾರೆ. ಆ ನಡುವಿನ ಕಾಲವೇ ಎಲ್ಲಕ್ಕಿಂತ ಅಪಾಯದ್ದೆಂದು ನಮ್ಮ ಅಭಿಪ್ರಾಯ.

ಸರಕಾರ ಎಣಿಸುವ ತನಕ ನಾವು ಕಾದು ಕುಳಿತುಕೊಳ್ಳುವುದಿಲ್ಲ. ಬರುವ ಭಾನುವಾರದಿಂದ ನಮ್ಮ ಎಣಿಕೆ ಸುರುವಾಗುವುದು. ಫೇಸ್ ಒಂದು ಮತ್ತು ಫೇಸ್ ಎರಡರ ಹೋಟೆಲುಗಳಲ್ಲಿ ದುಡಿಯುವವರು ತಮ್ಮ ಹೋಟೆಲಿನಲ್ಲಿ ಎಷ್ಟು ಜನರಿದ್ದಾರೆ, ಊರು ಯಾವುದು, ತಿಂಗಳಿಗೆ ಮನೆಗೆ ಎಷ್ಟು ಕಳಿಸುತ್ತಾರೆ, ಗಿರಾಕಿಗಳು ಯಾವ ಕಾರ್ಖಾನೆಯವರು ಎಂದು ಬರೆದು ತರಬೇಕು. ಬರೆಯಲು ಬಾರದವರು ಬಾಯಿಂದ ಹೇಳಿ, ರಾತ್ರಿ ಶಾಲೆಯಲ್ಲಿ ಓದುವ ಹುಡುಗರು ಬರೆದುಕೊಳ್ಳುವರು. ಧಣಿಗಳಲ್ಲಿ ಒಪ್ಪುವವರಿದ್ದರೆ ಉದ್ರಿ ಪುಸ್ತಕದ ಮೊತ್ತವನ್ನು ಮಾತ್ರ ಕೊಡಲಿ. ಯಾರ ಹೆಸರೂ ಬೇಡ. ಮೋಹನೆಯ ಕಡೆ ಹಿಂದೆ ಹೋಟೆಲು ನಡೆಸಿದವರು, ಅಲ್ಲಿ ದುಡಿದವರು ಈ ಸಭೆಯಲ್ಲಿದ್ದರೆ ಸಭೆ ಮುಗಿದ ಮೇಲೆ ನಮ್ಮನ್ನು ಕಾಣಬೇಕು. 2009ರ ಮುಂಚೆ ಎಷ್ಟು ಒಲೆ ಉರಿಯುತ್ತಿದ್ದವು ಎಂಬುದು ನಮಗೆ ಬೇಕಾಗಿದೆ. ಕಾಗದಗಳು ಅಲ್ಲಿ ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಒಬ್ಬೊಬ್ಬರು ಎರಡೆರಡು ತೆಗೆದುಕೊಳ್ಳಿ, ಪಕ್ಕದ ಹೋಟೆಲಿನವನಿಗೂ ಒಂದು ಕೊಡಿ.